ಮರಕ್ಕಿಂತ ಮೊದಲು ಮಾಡನ್ನು ನೋಡಿ

ಪ್ರಶ್ನೆ: ನವೆಂಬರ್‌ನಲ್ಲಿ ಜಪಾನಿಗೆ ಹೊರಟಿದ್ದೇವೆ. ಕನ್ಫ್ಯೂಷಿಯಸ್ ಪರಂಪರೆಯ ಹಳೆಯ ಶಾಲೆಯೊಂದನ್ನು ನೋಡುವಾಸೆ. ಟೋಕಿಯೊದಲ್ಲೇ ಯುಶಿಮಾ ಸೇಯ್‌ದೊ ಎಂಬ ಕನ್ಫ್ಯೂಷಿಯಸ್ ಮಂದಿರ ಇರುವಾಗ, ಎರಡು ಮರಗಳ ಎಲೆಯ ಬಣ್ಣ ನೋಡಲು ಓಕಾಯಾಮಾ ಕಡೆಯ ಶಿಜುತಾನಿ ಶಾಲೆಗೆ ಹೋಗಬೇಕೆ?
– ಓದುಗರೊಬ್ಬರು, ಮೈಸೂರು

ಉತ್ತರ: ಯುಶಿಮಾ ಒಚನೊಮಿಜು ನಿಲ್ದಾಣದ ಪಕ್ಕದಲ್ಲೇ ಇದೆ, ಬಿಡುವಿದ್ದರೆ ನೋಡಿ. ಆದರೆ ಅದರ ಮುಖ್ಯ ಮಂದಿರ 1923ರ ಭೂಕಂಪದಲ್ಲಿ ಸುಟ್ಟು, 1935ರಲ್ಲಿ ಕಾಂಕ್ರೀಟಿನಲ್ಲಿ ಎದ್ದದ್ದು. ಶಿಜುತಾನಿಯ ಮಾತೇ ಬೇರೆ. ಅಲ್ಲಿಗೂ ಮರಕ್ಕಾಗಿಯೇ ಹೋಗುವಿರಾದರೆ, ಕ್ಷಮಿಸಿ, ಅರ್ಧ ನೋಡಿ ಬರುತ್ತೀರಿ. ಆ ಮರಗಳ ಬೀಜ ಕನ್ಫ್ಯೂಷಿಯಸ್‌ನ ಊರಿಂದ ಬಂದದ್ದು 1915ರಲ್ಲಿ. ಪಾಠಶಾಲೆಯ ಈಗಿನ ಕಟ್ಟಡ 1701ರದು.

ಅದರ ಸೂರಿನಡಿ ಕತ್ತೆತ್ತಿ ನಿಲ್ಲಿ. ಮೇಲಿರುವುದು ಮೆರುಗು ಹಚ್ಚದೆ ಸುಟ್ಟ, ಆ ಸೀಮೆಯ ಬಿಜೆನ್ ಕುಂಬಾರಿಕೆಯ ಹೆಂಚು. ಒಂದರ ಕೆಂಪು ಇನ್ನೊಂದಕ್ಕಿಲ್ಲ. ಎಷ್ಟು ಒಳ್ಳೆಯ ಹೆಂಚಾದರೂ ಗಾಳಿಮಳೆಗೆ ಸಂದಿಯಲ್ಲಿ ನೀರು ನುಗ್ಗುತ್ತದೆ. ಹೊರಬರಲು ದಾರಿಯಿಲ್ಲದಿದ್ದರೆ ಕೆಳಗಿನ ಹಲಗೆ ಕೊಳೆಯುತ್ತದೆ. ಇಲ್ಲಿ ಆ ನೀರಿಗೆಂದೇ ಸೂರಿನಂಚಿನಲ್ಲಿ ಸುಟ್ಟಮಣ್ಣಿನ ಕೊಳವೆಗಳನ್ನಿಟ್ಟಿದ್ದಾರೆ. ಸುತ್ತಲಿನ 765 ಮೀಟರ್ ಕಲ್ಲುಗೋಡೆಯೂ ಹಾಗೇ: ಒಳಗೆ ತುಂಬಿದ್ದು ತೊಳೆದ ಕಲ್ಲು, ಹುಲ್ಲಿಗೆ ಬೇರೂರಲು ಮಣ್ಣೇ ಇಲ್ಲ. ಮಕ್ಕಳು ಉಳಿಯುತ್ತಿದ್ದ ಮನೆಗಳಿಗೂ ಪಾಠಶಾಲೆಗೂ ನಡುವೆ ಬೆಂಕಿ ದಾಟದಂತೆ ಒಂದು ಗುಡ್ಡ.

ಇದೆಲ್ಲ ತ್ಸುದಾ ನಾಗತದಾ ಎಂಬ ಅಧಿಕಾರಿಯ ಕೆಲಸ. ಓಕಾಯಾಮಾದ ದೊರೆ ಇಕೆದಾ ಮಿತ್ಸುಮಾಸಾ 1668ರಲ್ಲಿ ಸಂಸ್ಥಾನದ ತುಂಬ 123 ಅಕ್ಷರಶಾಲೆ ತೆರೆಸಿದ. ಖರ್ಚು ತಾಳಲಾರದೆ, ಮಗನ ಕಾಲದಲ್ಲಿ, 1675ಕ್ಕೆ ಅವೆಲ್ಲ ಮುಚ್ಚಿದವು. 1670ರಲ್ಲಿ ಶುರುವಾದ ಶಿಜುತಾನಿ ಉಳಿಯಿತು. ರೈತರ ಮಕ್ಕಳೂ ಓದುತ್ತಿದ್ದ ಈ ಶಾಲೆಗೆ ತ್ಸುದಾ ಹೊಲವನ್ನೂ ಕಾಡನ್ನೂ ಬಿಡಿಸಿಕೊಟ್ಟಿದ್ದ. ಗದ್ದುಗೆಯ ಮೇಲೆ ಯಾರೇ ಕೂತರೂ ಶಾಲೆಯ ಅನ್ನಕ್ಕೆ ಕಲ್ಲು ಬೀಳುವಂತಿರಲಿಲ್ಲ.

ನಮ್ಮಲ್ಲಿ ಶಾಲೆ ಕಟ್ಟಿದರೆ ಮೊದಲು ಉದ್ಘಾಟನೆಯ ಕಲ್ಲು ಕೆತ್ತಿಸುತ್ತಾರೆ. ಮಳೆಗಾಲಕ್ಕೆ ಮುಂಚೆ ಹೆಂಚು ಕೈಯಾಡಿಸಲು ದುಡ್ಡೆಲ್ಲಿಂದ ಎಂದು ಆ ವೇದಿಕೆಯ ಮೇಲೆ ಕೇಳುವವರು ಯಾರು? ಜೂನ್ ಬಂದಾಗ ಸೋರುವ ಜಾಗ ತಪ್ಪಿಸಿ ಬೆಂಚು ಸರಿಸುವವರು ಮಕ್ಕಳು. ಪ್ರವಾಸ ಲೇಖನ ಕಳಿಸುವವರೂ ಎಲೆಯ ಬಣ್ಣಕ್ಕೆ ಮೂರು ಪುಟ ಕೊಡುತ್ತಾರೆ, ಮಾಡಿಗೆ ಒಂದು ಸಾಲಿಲ್ಲ. ನೀವು ಬರೆಯುವುದಾದರೆ ಆ ಸಾಲು ಇರಲಿ.

ಓಕಾಯಾಮಾದಿಂದ ಸಾನ್ಯೊ ಮಾರ್ಗದ ಲೋಕಲ್ ರೈಲು ಹಿಡಿದು ಯೋಶಿನಾಗಾದಲ್ಲಿ ಇಳಿಯಿರಿ. ಅಲ್ಲಿಂದ ಸುಮಾರು 3 ಕಿ.ಮೀ. ಬಸ್ಸು ಅಪರೂಪ, ಟ್ಯಾಕ್ಸಿಯವರಿಗೆ ವಾಪಸ್ಸಿಗೂ ಆಗಲೇ ಹೇಳಿಬಿಡಿ. ಅವತ್ತು ಮಳೆ ಬಂದರೆ ಬೇಸರಿಸದೆ ಹೋಗಿ.