ಭೂಗೋಳ ಓದಬೇಕೆ, ಜಿಐಎಸ್ ಕಲಿಯಬೇಕೆ? ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಈ ವರ್ಷ ಕಲಾ ವಿಭಾಗದಲ್ಲಿ ದ್ವಿತೀಯ ಪಿಯುಸಿ ಮುಗಿಸಿದ್ದೇನೆ. ಶಿವಮೊಗ್ಗದಲ್ಲಿ ಭೂಗೋಳ ವಿಷಯವಿರುವ ಪದವಿಗೆ ಸೇರಬೇಕೆಂಬ ಆಸೆಯಿದೆ. ಆದರೆ ಮನೆಯಲ್ಲಿ, ‘ಭೂಗೋಳ ಓದಿದರೆ ಮೇಷ್ಟ್ರ ಕೆಲಸ, ಅದೂ ಸಿಕ್ಕರೆ’ ಎನ್ನುತ್ತಾರೆ. ಜೊತೆಗೆ ಜಿಐಎಸ್ ಕಲಿತರೆ ಅನುಕೂಲವೆಂದು ನಮ್ಮ ಉಪನ್ಯಾಸಕರು ಹೇಳಿದರು. ಅದೆಂದರೇನು? ಗಣಿತವನ್ನೂ ಕಂಪ್ಯೂಟರನ್ನೂ ಓದದವರಿಗೆ ಅದು ಸಾಧ್ಯವೇ?
– ವಿದ್ಯಾರ್ಥಿನಿ, ಹೊಸನಗರ ತಾಲ್ಲೂಕು

ಉತ್ತರ: ನಿಮ್ಮ ಮನೆಯವರ ಮೊಬೈಲಿನಲ್ಲಿ ದಿಶಾಂಕ್ ಆ್ಯಪ್ ಇದ್ದರೆ ಜಿಐಎಸ್ ಏನೆಂಬುದು ನಿಮಗೆ ಅರ್ಧ ತಿಳಿದಂತೆಯೇ. ತೋಟದ ನಡುವೆ ನಿಂತು ಅದನ್ನು ತೆರೆದರೆ ನೀವು ನಿಂತಿರುವ ಜಾಗದ ಸರ್ವೆ ನಂಬರ್ ಕಾಣಿಸುತ್ತದೆ. ಮುಂದುವರಿದರೆ ಆ ನಂಬರಿನ ಪಹಣಿಯ ವಿವರವೂ ಸಿಗುತ್ತದೆ. ಹಿಂದೆ ಗ್ರಾಮನಕ್ಷೆ ಸರ್ವೆ ಕಚೇರಿಯ ಕಪಾಟಿನಲ್ಲಿ, ಪಹಣಿ ಇನ್ನೊಂದು ಕಡೆ, ಹೀಗೆ ಒಂದಕ್ಕೊಂದು ಮುಖ ನೋಡದೆ ಇದ್ದವು. ನಕ್ಷೆಯ ಪ್ರತಿಯೊಂದು ಗೆರೆಗೂ ಅಕ್ಷಾಂಶ, ರೇಖಾಂಶಗಳನ್ನು ಕೊಟ್ಟು, ನಕ್ಷೆಯಲ್ಲಿರುವ ಪ್ರತಿಯೊಂದು ತುಂಡು ನೆಲಕ್ಕೂ ಪಟ್ಟಿಯ ಒಂದು ಸಾಲನ್ನು ಕಟ್ಟಿಹಾಕಿದಾಗ ಅದು ಭೌಗೋಳಿಕ ಮಾಹಿತಿ ವ್ಯವಸ್ಥೆ, ಅಂದರೆ ಜಿಐಎಸ್ ಆಗುತ್ತದೆ. ದಿಶಾಂಕನ್ನು ರೂಪಿಸಿದ್ದು ಬೆಂಗಳೂರಿನಲ್ಲಿರುವ ಕರ್ನಾಟಕ ರಾಜ್ಯ ದೂರಸಂವೇದಿ ಅನ್ವಯಿಕ ಕೇಂದ್ರ. ಇಂತಹ ವ್ಯವಸ್ಥೆಯನ್ನು 1960ರ ದಶಕದಲ್ಲಿ ಮೊದಲು ಕಟ್ಟಿದ ರೋಜರ್ ಟಾಮ್ಲಿನ್ಸನ್ ಭೂಗೋಳದವರೇ. ಕೆನಡಾದ ವಿಶಾಲ ಭೂಮಿಯಲ್ಲಿ ಯಾವುದು ಕೃಷಿಗೆ, ಯಾವುದು ಕಾಡಿಗೆ ತಕ್ಕದ್ದೆಂದು ಲೆಕ್ಕ ಹಾಕಬೇಕಾಗಿ ಬಂದಾಗ, ಕೈಯಲ್ಲಿ ಬರೆದ ನಕ್ಷೆಗಳಿಂದ ಅದು ಮುಗಿಯುವ ಕೆಲಸವಲ್ಲವೆಂದು ಅವರಿಗೆ ಹೊಳೆಯಿತು.

ಇದರ ಬಲವಿರುವುದು ಒಂದು ಪದರದ ಮೇಲೆ ಇನ್ನೊಂದನ್ನು ಇಟ್ಟು ನೋಡುವುದರಲ್ಲಿ. ನಮ್ಮ ಜಿಲ್ಲೆಯದೇ ಉದಾಹರಣೆ ಮಂಗನ ಕಾಯಿಲೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಅದನ್ನು ಮೊದಲು ಗುರುತಿಸಿದ್ದರಿಂದ ವೈದ್ಯಲೋಕದಲ್ಲಿ ಅದಕ್ಕೆ ಆ ಕಾಡಿನ ಹೆಸರೇ ನಿಂತಿದೆ. ಕಾಯಿಲೆಯನ್ನು ಹರಡುವುದು ಉಣುಗು. ಮಂಗ ಸತ್ತು ಬಿದ್ದ ಜಾಗಗಳು ಒಂದು ಪದರ, ಕಾಡಿನ ಅಂಚು ಇನ್ನೊಂದು, ಸೊಪ್ಪು ದರಗು ತರಲು ಜನ ಹೋಗುವ ದಾರಿಗಳು ಮತ್ತೊಂದು, ಮನೆಗಳು ಮಗದೊಂದು. ಇವೆಲ್ಲವನ್ನೂ ಒಂದರ ಮೇಲೊಂದು ಇಟ್ಟು, ಸತ್ತ ಮಂಗ ಸಿಕ್ಕ ಪ್ರತಿಯೊಂದು ಜಾಗದ ಸುತ್ತ ವೃತ್ತ ಎಳೆದು, ಅದರೊಳಗೆ ಯಾವ ಮನೆಗಳು ಬೀಳುತ್ತವೆಂದು ಕೇಳಿದರೆ ಆಶಾ ಕಾರ್ಯಕರ್ತೆ ಮೊದಲು ಯಾವ ಕೇರಿಗೆ ಹೋಗಬೇಕೆಂಬುದು ಗೊತ್ತಾಗುತ್ತದೆ. ಈ ಯೋಚನೆ ಕಂಪ್ಯೂಟರಿಗಿಂತ ಹಳೆಯದು. 1854ರಲ್ಲಿ ಲಂಡನ್ನಿನ ವೈದ್ಯ ಜಾನ್ ಸ್ನೋ ಕಾಲರಾದಿಂದ ಸತ್ತವರ ಮನೆಗಳನ್ನು ನಕ್ಷೆಯಲ್ಲಿ ಗುರುತಿಸಿ, ಸಾವುಗಳು ಒಂದೇ ನೀರಿನ ಪಂಪಿನ ಸುತ್ತ ಗುಂಪುಗೂಡಿರುವುದನ್ನು ತೋರಿಸಿದ್ದರು.

ಇನ್ನು ಗಣಿತದ ಮಾತು. ತಂತ್ರಾಂಶದ ಗುಂಡಿಗಳನ್ನು ಕಲಿಯುವುದಕ್ಕೆ ಕೆಲವು ವಾರ ಸಾಕು, ಪಿಯುಸಿಯಲ್ಲಿ ಯಾವ ವಿಭಾಗ ಓದಿದ್ದೀರೆಂಬುದು ಅಲ್ಲಿ ಅಡ್ಡಬರುವುದಿಲ್ಲ. ಸಮಯ ಬೇಡುವುದು ಅದರ ಹಿಂದಿನ ಭೂಗೋಳ. ಗುಂಡಗಿನ ಭೂಮಿಯನ್ನು ಚಪ್ಪಟೆ ಹಾಳೆಗೆ ಇಳಿಸಲು ಲೋಕವನ್ನು ಆರಾರು ಡಿಗ್ರಿ ರೇಖಾಂಶದ ಪಟ್ಟಿಗಳಾಗಿ ಸೀಳುವ ಯುಟಿಎಂ ಎಂಬ ಪದ್ಧತಿಯಿದೆ. ಶಿವಮೊಗ್ಗ ಬರುವುದು 43ನೆಯ ಪಟ್ಟಿಯಲ್ಲಿ. ಅರಿಯದೆ 44 ಎಂದು ಆರಿಸಿದರೆ ನಿಮ್ಮ ಅಡಿಕೆ ತೋಟ ಬಂಗಾಳ ಕೊಲ್ಲಿಯ ನೀರಿನಲ್ಲಿ ಹೋಗಿ ಕೂರುತ್ತದೆ, ಮತ್ತು ಕಂಪ್ಯೂಟರ್ ಅದಕ್ಕೆ ತಕರಾರು ಮಾಡುವುದಿಲ್ಲ. ಸಂಖ್ಯಾಶಾಸ್ತ್ರವನ್ನು ಮಾತ್ರ ತಪ್ಪಿಸಿಕೊಳ್ಳಬೇಡಿ. ಪದವಿಯಲ್ಲಿ ಆಯ್ಕೆಗೆ ಅವಕಾಶವಿದ್ದರೆ ಅದನ್ನೇ ಆರಿಸಿ.

ಮಲೆನಾಡಿನವರಿಗೆ ಇಲ್ಲಿ ಒಂದು ಅನುಕೂಲವಿದೆಯೆಂದು ನನಗನ್ನಿಸುತ್ತದೆ. ಅಮೆರಿಕದ ಲ್ಯಾಂಡ್‌ಸ್ಯಾಟ್ ಉಪಗ್ರಹಗಳ ಚಿತ್ರದಲ್ಲಿ ಒಂದು ಚುಕ್ಕಿಯೆಂದರೆ 30 ಮೀಟರ್ ಉದ್ದ, 30 ಮೀಟರ್ ಅಗಲದ ನೆಲ, ನಮ್ಮ ಲೆಕ್ಕದಲ್ಲಿ ಸುಮಾರು ಒಂಬತ್ತು ಗುಂಟೆ. ಯುರೋಪಿನ ಸೆಂಟಿನೆಲ್-2ರ ಚಿತ್ರದಲ್ಲಿ ಚುಕ್ಕಿಯೊಂದು 10 ಮೀಟರ್ ಚೌಕ, ಹೆಚ್ಚುಕಡಿಮೆ ಒಂದು ಗುಂಟೆ. ಎರಡೂ ಉಚಿತವಾಗಿ ಸಿಗುತ್ತವೆ. ಆದರೆ ಕಣಿವೆಯ ಅಡಿಕೆ ತೋಟ, ಅದರ ಬೆನ್ನಿಗಿರುವ ಸೊಪ್ಪಿನ ಬೆಟ್ಟ, ಆಚೆಗಿನ ಕಾನು (ದಟ್ಟ ಕಾಡು), ಮೂರೂ ಆ ಚುಕ್ಕಿಗಳಲ್ಲಿ ಹಸಿರೇ. ಎಲ್ಲಿ ತೋಟ ಮುಗಿದು ಬೆಟ್ಟ ಶುರುವಾಗುತ್ತದೆಂದು ನೆಲಕ್ಕೆ ಹೋಗಿ ಪರೀಕ್ಷಿಸಿ ಹೇಳುವವರಿಲ್ಲದೆ ಕಂಪ್ಯೂಟರಿನ ವಿಂಗಡಣೆ ನಂಬಲರ್ಹವಾಗುವುದಿಲ್ಲ. ಮಳೆಗಾಲದಲ್ಲಂತೂ ಆಗುಂಬೆಯ ಕಡೆಯ ಚಿತ್ರ ತೆರೆದರೆ ಕಾಣುವುದು ಬರಿಯ ಮೋಡ. ಮೋಡವನ್ನು ತೂರಿ ನೋಡುವ ರಾಡಾರ್ ಚಿತ್ರಗಳನ್ನು ಓದುವ ವಿದ್ಯೆ ಆಗ ಬೇಕಾಗುತ್ತದೆ. ಈ ನೆಲದಲ್ಲಿ ಓಡಾಡಿ ಬೆಳೆದವರು ಪರದೆಯ ಮೇಲೆ ಗುರುತಿಸುವ ತಪ್ಪು, ಬರಿಯ ತಂತ್ರಾಂಶ ಕಲಿತವರ ಕಣ್ಣಿಗೆ ಬೀಳುವುದಿಲ್ಲ.

ಆದ್ದರಿಂದ ಕಾಲೇಜು ಆರಿಸುವಾಗ ಕಟ್ಟಡ ನೋಡಬೇಡಿ. ಭೂಗೋಳದ ಪ್ರಯೋಗಾಲಯದಲ್ಲಿ ಭಾರತೀಯ ಸರ್ವೇಕ್ಷಣಾ ಇಲಾಖೆಯ 1:50,000 ಪ್ರಮಾಣದ ನಕ್ಷೆಗಳನ್ನು ವಿದ್ಯಾರ್ಥಿಗಳ ಕೈಗೆ ಕೊಡುತ್ತಾರೆಯೇ, ಅಥವಾ ಬೀರುವಿನಲ್ಲಿಟ್ಟು ಬೀಗ ಹಾಕಿದ್ದಾರೆಯೇ ಎಂದು ಹಿಂದಿನ ವರ್ಷದ ವಿದ್ಯಾರ್ಥಿಗಳನ್ನು ಕೇಳಿ. ಪದವಿಯ ನಂತರ ಧಾರವಾಡ, ಮೈಸೂರು, ಬೆಂಗಳೂರುಗಳಲ್ಲಿ ಭೂಗೋಳದ ಸ್ನಾತಕೋತ್ತರ ಶಿಕ್ಷಣವಿದೆ. ಕೆಲಸದ ಬಗ್ಗೆ ಹೇಳುವುದಾದರೆ, ಕಂದಾಯ, ಅರಣ್ಯ, ಜಲಾನಯನ, ನಗರಾಭಿವೃದ್ಧಿ ಇಲಾಖೆಗಳ ನಕ್ಷೆಯ ಕೆಲಸ ಹೆಚ್ಚುತ್ತಿದೆ, ಆದರೆ ಅದರಲ್ಲಿ ಬಹಳಷ್ಟು ಗುತ್ತಿಗೆಯ ಮೇಲೆ ನಡೆಯುತ್ತದೆ. 2021ರಲ್ಲಿ ಕೇಂದ್ರ ಸರ್ಕಾರವು ನಕ್ಷೆ ತಯಾರಿಕೆಯ ನಿಯಮಗಳನ್ನು ಸಡಿಲಿಸಿ ಭಾರತೀಯ ಕಂಪನಿಗಳಿಗೆ ಪೂರ್ವಾನುಮತಿಯ ತೊಡಕನ್ನು ತೆಗೆದ ಮೇಲೆ ಖಾಸಗಿ ವಲಯಕ್ಕೂ ದಾರಿ ತೆರೆದಿದೆ. ಮೇಷ್ಟ್ರ ಕೆಲಸವನ್ನು ಹೀಗಳೆಯುವ ಕಾರಣ ನನಗಂತೂ ಕಾಣಿಸುವುದಿಲ್ಲ.

ಪ್ರಶ್ನೆ: ಬೆಂಗಳೂರಿನ ಖಾಸಗಿ ಸಂಸ್ಥೆಯೊಂದು ಮೂರು ತಿಂಗಳ ಜಿಐಎಸ್ ತರಬೇತಿಗೆ ದೊಡ್ಡ ಮೊತ್ತ ಕೇಳುತ್ತಿದೆ, ಕೆಲಸ ಖಂಡಿತ ಎನ್ನುತ್ತಿದೆ. ಮಗಳನ್ನು ಕಳುಹಿಸಲೇ?
– ಪೋಷಕರು, ಸಾಗರ

ಉತ್ತರ: ಈಗಲೇ ಬೇಡ. ಮೊದಲು ಮನೆಯಲ್ಲೇ ಕ್ಯೂಜಿಐಎಸ್ ಎಂಬ ಉಚಿತ ತಂತ್ರಾಂಶವನ್ನು ಹಾಕಿಕೊಡಿ. ಅದು ಸರ್ಕಾರಿ ಕಚೇರಿಗಳಲ್ಲಿಯೂ ಬಳಕೆಯಲ್ಲಿರುವ ತಂತ್ರಾಂಶ, ಆಟಿಕೆಯಲ್ಲ. 8 ಜಿಬಿ ರ್‍ಯಾಮ್ ಇರುವ ಸಾಧಾರಣ ಲ್ಯಾಪ್‌ಟಾಪ್ ಸಾಕು. ಡೆಹ್ರಾಡೂನಿನಲ್ಲಿರುವ ಇಸ್ರೋದ ಭಾರತೀಯ ದೂರಸಂವೇದಿ ಸಂಸ್ಥೆಯು ಆನ್‌ಲೈನಿನಲ್ಲಿ ಉಚಿತ ಪಾಠಗಳನ್ನು ನಡೆಸಿ ಪ್ರಮಾಣಪತ್ರವನ್ನೂ ಕೊಡುತ್ತದೆ. ಇಸ್ರೋದ ‘ಭುವನ್’ ಜಾಲತಾಣದಲ್ಲಿ ನಮ್ಮ ದೇಶದ ಉಪಗ್ರಹ ಚಿತ್ರಗಳಿವೆ. ಇಷ್ಟರಲ್ಲಿ ನಿಮ್ಮೂರಿನ ಕೆರೆ, ಕಾಲುವೆ, ಮನೆಗಳ ಒಂದು ನಕ್ಷೆಯನ್ನು ಅವಳು ತಾನಾಗಿ ಮಾಡಿ ಮುಗಿಸಿದರೆ ಮುಂದಿನ ತರಬೇತಿಯ ಬಗ್ಗೆ ಯೋಚಿಸಬಹುದು. ಕೆಲಸ ಖಂಡಿತ ಎನ್ನುವವರನ್ನು, ಅದು ಯಾವ ಕೆಲಸ ಎಂದು ಕೇಳಿ. ಹಳೆಯ ನಕ್ಷೆಗಳ ಗೆರೆಗಳ ಮೇಲೆ ದಿನವಿಡೀ ಮೌಸ್ ಎಳೆಯುವ ಕೆಲಸವಾದರೆ, ಅದರ ಸಂಬಳದಲ್ಲಿ ಬೆಂಗಳೂರಿನ ಪಿಜಿ ಬಾಡಿಗೆ ಕಟ್ಟಿ ಉಳಿಯುವುದು ಅಷ್ಟಕ್ಕಷ್ಟೇ.

ಪ್ರಶ್ನೆ: ಅಮೆರಿಕದಲ್ಲಿರುವ ನನ್ನ ತಂಗಿಯ ಮಗ ಯಾವುದೋ ‘ಕಮ್ಯುನಿಟಿ ಕಾಲೇಜಿ’ನಲ್ಲಿ ಜಿಐಎಸ್ ಓದುತ್ತಿದ್ದಾನಂತೆ. ಅದು ಕೆಳದರ್ಜೆಯದೆಂದು ನೆಂಟರು ಆಡಿಕೊಳ್ಳುತ್ತಾರೆ. ಹೌದೇ?
– ಗೃಹಿಣಿ, ತೀರ್ಥಹಳ್ಳಿ

ಉತ್ತರ: ನೆಂಟರ ಮಾತನ್ನು ಬಿಡಿ. ಅಲ್ಲಿ ಅದು ಎರಡು ವರ್ಷದ ಸಾರ್ವಜನಿಕ ಕಾಲೇಜು. ಶುಲ್ಕ ವಿಶ್ವವಿದ್ಯಾಲಯಕ್ಕಿಂತ ಬಹಳ ಕಡಿಮೆ, ಪ್ರವೇಶ ಬಹುಮಟ್ಟಿಗೆ ಎಲ್ಲರಿಗೂ ಮುಕ್ತ. ಇಲಿನಾಯ್ ರಾಜ್ಯದಲ್ಲಿ 1901ರಲ್ಲಿ ಆರಂಭವಾದ ಜೋಲಿಯೆಟ್ ಕಾಲೇಜನ್ನು ಇವುಗಳಲ್ಲಿ ಮೊದಲನೆಯದೆನ್ನುತ್ತಾರೆ. ಎರಡು ವರ್ಷ ಓದಿದವರು ಅಸೋಸಿಯೇಟ್ ಪದವಿ ಪಡೆದು, ಅಂಕ ಮತ್ತು ವಿಷಯಗಳು ಹೊಂದಿಕೊಂಡರೆ ವಿಶ್ವವಿದ್ಯಾಲಯದ ಮೂರನೆಯ ವರ್ಷಕ್ಕೆ ಸೇರಬಹುದು. ಬೇರೆ ವಿಷಯದಲ್ಲಿ ಪದವಿ ಪಡೆದು ಕೆಲಸದಲ್ಲಿರುವವರೂ ಜಿಐಎಸ್ ಪ್ರಮಾಣಪತ್ರಕ್ಕಾಗಿ ಸಂಜೆಯ ತರಗತಿಗೆ ಬರುತ್ತಾರೆ. ನಿಮ್ಮ ತಂಗಿಯ ಮಗ ಈಗಲೇ ವಿಚಾರಿಸಬೇಕಾದದ್ದು ಒಂದೇ: ಅವನ ಜಿಐಎಸ್ ಪಾಠಗಳಲ್ಲಿ ಯಾವುವನ್ನು ಮುಂದಿನ ವಿಶ್ವವಿದ್ಯಾಲಯ ಲೆಕ್ಕಕ್ಕೆ ಹಿಡಿಯುತ್ತದೆ ಎಂಬುದು. ಕೈಕೆಲಸದ ಪಾಠಗಳು ಕೆಲವು ಕಡೆ ವರ್ಗಾವಣೆಯಾಗುವುದಿಲ್ಲ. ನಮ್ಮಲ್ಲಿಯೂ ಯುಜಿಸಿ ಇದೇ ಹೆಸರಿನ ಯೋಜನೆಯಡಿ ಕೆಲವು ಕಾಲೇಜುಗಳಿಗೆ ಕೌಶಲದ ಡಿಪ್ಲೊಮಾ ನಡೆಸಲು ನೆರವು ಕೊಟ್ಟಿತು, ಆದರೆ ಅಲ್ಲಿನಂತೆ ಊರೂರಿಗೆ ನೆಲೆಯಾದ ಸಂಸ್ಥೆಯಾಗಿ ಅದು ಬೆಳೆಯಲಿಲ್ಲ.

ಪ್ರಶ್ನೆ: ಬಿ.ಎ. ಎರಡನೆಯ ವರ್ಷದಲ್ಲಿ ಭೂಗೋಳ ಓದುತ್ತಿರುವ ಮಗ ಮೊಬೈಲ್ ಹಿಡಿದು ತೋಟ ಸುತ್ತಿ, ಪಕ್ಕದವರ ಬೇಲಿ ನಮ್ಮೊಳಗೆ ಹತ್ತು ಅಡಿ ಬಂದಿದೆ ಎನ್ನುತ್ತಿದ್ದಾನೆ. ಬೇಲಿ ಕೀಳಿಸಲೇ?
– ಕೃಷಿಕರು, ಸೊರಬ ತಾಲ್ಲೂಕು

ಉತ್ತರ: ದಯವಿಟ್ಟು ಕೀಳಿಸಬೇಡಿ. ಮೊಬೈಲಿನ ಜಿಪಿಎಸ್ ಬಯಲಿನಲ್ಲಿಯೇ ಸುಮಾರು 5 ಮೀಟರ್, ಅಂದರೆ 16 ಅಡಿ ಆಚೀಚೆ ತೋರಿಸಬಹುದು. ಅಡಿಕೆ ಮರಗಳ ಅಡಿಯಲ್ಲಿ ಇನ್ನೂ ಹೆಚ್ಚು. 33 ಅಡಿಯ ಗುಂಟೆಯಲ್ಲಿ ಅದು ಅರ್ಧ ಪಾಲು. ಹತ್ತು ಅಡಿಯ ವ್ಯಾಜ್ಯವನ್ನು 16 ಅಡಿ ತಪ್ಪುವ ಸಾಧನದಿಂದ ತೀರ್ಮಾನಿಸಲಾಗದು. ಇದರ ಮೇಲೆ, ಹಳೆಯ ಗ್ರಾಮನಕ್ಷೆಯನ್ನು ಉಪಗ್ರಹ ಚಿತ್ರಕ್ಕೆ ಹೊಂದಿಸುವಾಗ ಆಗುವ ವ್ಯತ್ಯಾಸವೂ ಸೇರುತ್ತದೆ. ಭೂಮಾಪನ ಇಲಾಖೆಗೆ ಹದ್ದುಬಸ್ತಿಗೆ, ಅಂದರೆ ಗಡಿ ಗುರುತಿಸಿಕೊಡಲು, ಅರ್ಜಿ ಕೊಡಿ. ಮೂಲ ಟಿಪ್ಪಣಿ (ಹಿಂದಿನ ಸರ್ವೆಯ ಅಳತೆಯ ದಾಖಲೆ) ಹಿಡಿದು ಭೂಮಾಪಕರು ಅಳೆಯಲಿ, ಪಕ್ಕದವರಿಗೂ ನೋಟಿಸ್ ಹೋಗಲಿ. ಆ ದಿನ ನಿಮ್ಮ ಮಗನನ್ನು ಕಾಲೇಜಿಗೆ ರಜೆ ಹಾಕಿಸಿ ಜೊತೆಗೆ ನಿಲ್ಲಿಸಿಕೊಳ್ಳಿ, ಮತ್ತು ಭೂಮಾಪಕರು ಗುರುತಿಸಿದ ಕಲ್ಲುಗಳಿಗೂ ತನ್ನ ಮೊಬೈಲ್ ತೋರಿಸಿದ್ದಕ್ಕೂ ಎಷ್ಟು ಅಂತರವಿತ್ತೆಂದು ಅವನೇ ಬರೆದಿಟ್ಟುಕೊಳ್ಳಲಿ.