ಮುಧೋಳದ ಮರಿ ನಮ್ಮ ಮನೆಗೆ ಹೊಂದುತ್ತದಾ?

ಪ್ರಶ್ನೆ: ಮೇಡಂ, ನಾವು ಹುಬ್ಬಳ್ಳಿಯಲ್ಲಿ 30-40 ಸೈಟಿನ ಮನೆಯಲ್ಲಿದ್ದೇವೆ. ನಾನು, ನಮ್ಮ ಯಜಮಾನರು, 6 ವರ್ಷದ ಮಗ, ಮಂಡಿನೋವಿರುವ ಅತ್ತೆ. ನಾಲ್ಕು ವರ್ಷದಿಂದ ಸಾಕಿದ ಒಂದು ಬೆಕ್ಕೂ ಇದೆ. ಯಜಮಾನರ ಊರು ಜಮಖಂಡಿ ಕಡೆ. ಚಿಕ್ಕವರಿದ್ದಾಗ ಅವರ ಅಜ್ಜನ ಹೊಲದಲ್ಲಿ ಮುಧೋಳ ನಾಯಿ ಇತ್ತಂತೆ. ಈಗ ಯಾರೋ ಏಜೆಂಟ್ ಹತ್ತಿರ ಒಂದು ಮರಿಗೆ 5 ಸಾವಿರ ಮುಂಗಡ ಕೊಟ್ಟು ಬಂದಿದ್ದಾರೆ. "ನಮ್ಮ ನಾಡಿನ ನಾಯಿ, ಖರ್ಚು ಕಮ್ಮಿ, ಮನೆ ಕಾವಲಿಗೂ ಆಯ್ತು" ಅನ್ನುತ್ತಾರೆ. ನಾವಿಬ್ಬರೂ ಬೆಳಗ್ಗೆ 9ಕ್ಕೆ ಕೆಲಸಕ್ಕೆ ಹೋದರೆ ಬರುವುದು ಸಂಜೆ 6ಕ್ಕೆ. ನನಗೆ ಒಳಗೊಳಗೇ ಭಯ. ಏನು ಮಾಡಲಿ?
– ಒಬ್ಬ ಓದುಗರು, ಹುಬ್ಬಳ್ಳಿ

ಉತ್ತರ: ಮೊದಲೇ ಹೇಳಿಬಿಡುತ್ತೇನೆ. ಈ ವರ್ಷ ಬೇಡ. ಯಾಕೆ ಅನ್ನುವುದನ್ನು ನಿಮ್ಮ ಯಜಮಾನರೂ ಕೂತು ಓದಲಿ. ಅವರ ಆಸೆ ನನಗೆ ಚೆನ್ನಾಗಿ ಅರ್ಥವಾಗುತ್ತದೆ.

ನಾನು ಬಾಗಲಕೋಟೆ ಜಿಲ್ಲೆಯಲ್ಲಿ 11 ವರ್ಷ ಪಶುವೈದ್ಯೆಯಾಗಿದ್ದೆ. ಮುಧೋಳ ನಾಯಿ ಅಂದರೆ ನನಗೆ ಜೀವ. ಘೋರ್ಪಡೆ ರಾಜಮನೆತನ ಸಾಕಿ ಉಳಿಸಿದ ತಳಿ ಅದು. ರಾಜಾ ಮಾಲೋಜಿರಾವ್ ಅವರು ಬ್ರಿಟನ್ನಿನ ಐದನೇ ಜಾರ್ಜ್ ದೊರೆಗೆ ಒಂದು ಜೋಡಿ ಕಾಣಿಕೆ ಕೊಟ್ಟಿದ್ದರು. 2005ರಲ್ಲಿ ಅಂಚೆ ಚೀಟಿಯ ಮೇಲೂ ಬಂತು. 2020ರಲ್ಲಿ ಪ್ರಧಾನಿ ರೇಡಿಯೋದಲ್ಲಿ ಹೆಸರು ಹೇಳಿದ ಮೇಲೆ ಪೇಟೆಯವರು ಇನ್ನೂ ಜಾಸ್ತಿ ಕೇಳತೊಡಗಿದರು. ಇದೆಲ್ಲ ಹೆಮ್ಮೆಯ ಮಾತೇ. ಆದರೆ ಅಜ್ಜನ ನಾಯಿ ದಿನವಿಡೀ ಏನು ಮಾಡುತ್ತಿತ್ತು ಅಂತ ಯಜಮಾನರನ್ನೇ ಕೇಳಿ. ಬೆಳಗಾದರೆ ಹೊಲಕ್ಕೆ ಹೋಗುತ್ತಿತ್ತು, ಬದುವಿನುದ್ದಕ್ಕೂ ಓಡುತ್ತಿತ್ತು, ಬಿಸಿಲೇರಿದರೆ ಚಕ್ಕಡಿ ಕೆಳಗೆ ಮಲಗುತ್ತಿತ್ತು, ಅಲ್ವಾ? ನಿಮ್ಮ ಮನೆಯಲ್ಲಿ ಅದಕ್ಕೆ ಸಿಗುವುದು ಬೀಗ ಹಾಕಿದ ಗೇಟು, 9 ಗಂಟೆ ಕಾಯುವ ಕೆಲಸ.

ಇದು ಕಣ್ಣಿನಿಂದ ಬೇಟೆಯಾಡುವ ನಾಯಿ. ದೂರದಲ್ಲಿ ಏನಾದರೂ ಅಲುಗಾಡಿದರೆ ಸಾಕು. ನನ್ನ ಹತ್ತಿರ ಚಂದ್ರಿ ಅಂತ ಒಂದು ಹೆಣ್ಣು ಮುಧೋಳ ಇತ್ತು. ಒಂದು ಸಂಜೆ ಅದರ ಹಗ್ಗ ಹಿಡಿದು ಅಂಗಳದಲ್ಲಿ ಕೂತಿದ್ದೆ. ಮುಂಗಾಲ ಮೇಲೆ ಮೂತಿಯಿಟ್ಟು ಅದು ನಿದ್ದೆ ಹೋದ ಹಾಗೆ ಮಲಗಿತ್ತು. ಪಕ್ಕದ ಮನೆ ಬೆಕ್ಕು ಗೋಡೆ ಮೇಲೆ ಬಾಲ ಆಡಿಸಿತು, ಅಷ್ಟೇ. ಚಂದ್ರಿಯ ಕಿವಿ ಎದ್ದಿತು, ಹೆಗಲ ಚರ್ಮ ಒಮ್ಮೆ ನಡುಗಿತು. ಬೊಗಳಲೇ ಇಲ್ಲ. ಮರುಕ್ಷಣ ನಾನು ನೆಲದ ಮೇಲಿದ್ದೆ, ಹಗ್ಗ ಅಂಗೈ ಸುಲಿದುಕೊಂಡು ಹೋಗಿತ್ತು. ಎರಡು ವಾರ ಚಮಚದಲ್ಲಿ ಊಟ ಮಾಡಿದೆ. ಆಗ ನನಗೆ 34 ವರ್ಷ, ಗಟ್ಟಿಯಾಗಿದ್ದೆ. ನಿಮ್ಮ ಅತ್ತೆಯವರ ಕೈಗೆ ಆ ಹಗ್ಗ ಕೊಡಬೇಡಿ.

ನಿಮ್ಮ ಬೆಕ್ಕಿನ ವಿಷಯವೂ ಇಲ್ಲೇ ಬಂತು. ಮರಿಯಿದ್ದಾಗಿನಿಂದ ಜೊತೆಗೆ ಬೆಳೆದರೆ ಕೆಲವು ಮುಧೋಳಗಳು ಬೆಕ್ಕಿನ ಪಕ್ಕದಲ್ಲೇ ಮಲಗುತ್ತವೆ. ನಾನೇ ನೋಡಿದ್ದೇನೆ. ಆದರೆ ಅದೇ ಬೆಕ್ಕು ಅಂಗಳದಲ್ಲಿ ಓಡಿದರೆ ಕಥೆ ಬೇರೆ. ಮನೆಯಲ್ಲಿ ತಡೆಯಲು ಯಾರೂ ಇಲ್ಲದಾಗ ಇವೆರಡನ್ನೂ ಒಟ್ಟಿಗೆ ಬಿಡುವ ಧೈರ್ಯ ನನಗಿಲ್ಲ.

ಮಗನ ಬಗ್ಗೆ ಅಷ್ಟು ಹೆದರಬೇಡಿ. ಮುಧೋಳ ಸುಮ್ನೆ ಮೇಲೆ ಬೀಳುವ ನಾಯಿ ಅಲ್ಲ. ಆದರೆ ಮಲಗಿದ್ದಾಗ ಹಿಂದಿನಿಂದ ಮುಟ್ಟಿದರೆ ಬೆಚ್ಚಿಬೀಳುತ್ತದೆ. ತಬ್ಬಿ ಹಿಡಿದರೆ ತುಂಬಾ ನಾಯಿಗಳಿಗೆ ಹಿಂಸೆ. ಅಪರಿಚಿತರು ಕೈಹಾಕಿದರಂತೂ ದೂರ ಸರಿಯುತ್ತದೆ. 6 ವರ್ಷದ ಹುಡುಗನಿಗೆ ಬೇಕಾದದ್ದು ತಬ್ಬಿಕೊಂಡು ಉರುಳಾಡುವ ಗೆಳೆಯ. ಇಬ್ಬರಿಗೂ ಬೇಸರವಾಗುತ್ತದೆ.

ಖರ್ಚು ಕಮ್ಮಿ ಅನ್ನುವುದು ಅರ್ಧ ನಿಜ. ಕೂದಲ ಆರೈಕೆ ಇಲ್ಲ, ನಮ್ಮ ಹವೆಗೆ ಒಗ್ಗಿದ ಮೈ. ಹಳ್ಳಿಯಲ್ಲಿ ಜೋಳದ ರೊಟ್ಟಿ, ಹಾಲಿನಲ್ಲೇ ಬೆಳೆಸಿದವರಿದ್ದಾರೆ. ಆದರೆ ಲಸಿಕೆ, ಜಂತಿನ ಔಷಧಿ ಎಲ್ಲ ನಾಯಿಗೂ ಒಂದೇ. ನಾಲ್ಕು ಅಡಿ ಕಾಂಪೌಂಡು ಅದಕ್ಕೆ ಲೆಕ್ಕವೇ ಅಲ್ಲ, ಎತ್ತರಿಸಬೇಕು. ತಲೆ ಸಣ್ಣ, ಕುತ್ತಿಗೆ ದಪ್ಪ. ಹಾಗಾಗಿ ಮಾಮೂಲಿ ಬೆಲ್ಟು ತಲೆಯಿಂದ ಜಾರಿಬಿಡುತ್ತದೆ, ಎಳೆದಾಗ ಬಿಗಿಯಾಗುವ ಅಗಲದ ಪಟ್ಟಿಯೇ ಬೇಕು. ಟೈಲ್ಸ್ ಮೇಲೆ ಮಲಗಿದರೆ ಮೊಣಕೈ ಗಾಯವಾಗುತ್ತದೆ, ಚರ್ಮ ಅಷ್ಟು ತೆಳು. ಮೈಯಲ್ಲಿ ಕೊಬ್ಬು ಕಡಿಮೆ, ಆಪರೇಷನ್ ಮಾಡಿಸುವಾಗ ಅರಿವಳಿಕೆಯ ಬಗ್ಗೆ ವೈದ್ಯರಿಗೆ ಮೊದಲೇ ನೆನಪಿಸಬೇಕು. ಪಕ್ಕೆಲುಬು ಒಂದೆರಡು ಕಾಣುವುದು ಅದರ ಆರೋಗ್ಯವೇ. ಆದರೂ ಬೀದಿಯವರು "ಊಟ ಹಾಕಲ್ವಾ?" ಅಂತ ಕೇಳುತ್ತಾರೆ, ನಿಮಗೆ ನೋವಾಗುತ್ತದೆ.

ನನ್ನ ಮನಸ್ಸಿನಿಂದ ಹೋಗದ ಒಂದು ನಾಯಿಯ ವಿಷಯ ಹೇಳಬೇಕು. ಒಂದು ಅಪಾರ್ಟ್‌ಮೆಂಟಿನಿಂದ 10 ತಿಂಗಳ ಗಂಡು ಮುಧೋಳವನ್ನು ನನ್ನ ಹತ್ತಿರ ತಂದರು. ಒಸಡು ಹರಿದು ರಕ್ತ ಸುರಿಯುತ್ತಿತ್ತು. ಬಾಗಿಲ ಚೌಕಟ್ಟು ಕಡಿದಿತ್ತಂತೆ. ಹಲ್ಲಿನ ಸಂದಿಯಿಂದ ಸಾಗುವಾನಿ ಸಿಬಿರನ್ನು ನಾನೇ ಚಿಮಟದಲ್ಲಿ ತೆಗೆದೆ. ಬೇರೆ ಯಾವ ಕಾಯಿಲೆಯೂ ಸಿಗಲಿಲ್ಲ. ಮನೆಯವರು ಒಳ್ಳೆಯವರೇ, ಅತ್ತುಬಿಟ್ಟರು. ಕೊನೆಗೆ ಬೀಳಗಿ ಹತ್ತಿರದ ಒಬ್ಬ ರೈತರಿಗೆ ಕೊಟ್ಟರು. ಲಸಿಕೆ ಹಾಕಲು ನಾನು ಅಲ್ಲಿಗೆ ಹೋದಾಗ ಅದು ಬೇವಿನ ಮರದ ಕೆಳಗೆ ಮೈಯೆಲ್ಲ ಧೂಳು ಮಾಡಿಕೊಂಡು ಮಲಗಿತ್ತು. ನನ್ನನ್ನು ನೋಡಿ ಒಂದು ಕಿವಿ ಎತ್ತಿತು, ಮತ್ತೆ ಕಣ್ಣು ಮುಚ್ಚಿತು.

ನಿಮ್ಮ ಯಜಮಾನರಿಗೆ ನನ್ನದೊಂದು ಕೋರಿಕೆ. ಇವತ್ತಿನಿಂದ ಎರಡು ತಿಂಗಳು, ನಾಯಿ ಇಲ್ಲದೆಯೇ, ದಿನಾ ಬೆಳಗ್ಗೆ ಐದೂವರೆಗೆ ಎದ್ದು ಒಂದು ಗಂಟೆ ನಡೆಯಿರಿ. ಜಿಟಿಜಿಟಿ ಮಳೆಯಲ್ಲೂ. ನಾಯಿಯನ್ನು ಬಿಟ್ಟು ಓಡಿಸಲು ಸುತ್ತ ಬೇಲಿ ಇರುವ ಜಾಗ ಹುಡುಕಿ, ರಸ್ತೆ ಪಕ್ಕದ ಮೈದಾನ ಆಗುವುದಿಲ್ಲ. ಮಧ್ಯಾಹ್ನ ಬಂದು ಹೊರಗೆ ಕರೆದೊಯ್ಯುವವರು ಯಾರು ಅಂತ ಗೊತ್ತು ಮಾಡಿ. ಇಷ್ಟೂ ಆದರೂ ಬೆಕ್ಕು ಮನೆಯಲ್ಲಿರುವವರೆಗೆ ಕಾಯಿರಿ ಅಂತಲೇ ಹೇಳುತ್ತೇನೆ, ಮನೆಗೆ ಮೊದಲು ಬಂದದ್ದು ಅದು. ಮುಂದೆ ಎಂದಾದರೂ ತರುವುದಾದರೆ ಏಜೆಂಟರಿಂದ ಬೇಡ. ಮುಧೋಳದ ಹತ್ತಿರ ತಿಮ್ಮಾಪುರದಲ್ಲಿ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಶ್ವಾನ ಸಂಶೋಧನಾ ಕೇಂದ್ರವಿದೆ, ಅಲ್ಲಿ ವಿಚಾರಿಸಿ. ತಾಯಿ ನಾಯಿಯನ್ನು ಕಣ್ಣಾರೆ ನೋಡಿ, ಎಂಟು ವಾರ ತುಂಬದ ಮರಿಯನ್ನು ತರಬೇಡಿ.

ಮುಂಗಡ ವಾಪಸ್ ಕೇಳಿ. ಕೊಡದಿದ್ದರೆ ಹೋಗಲಿ ಬಿಡಿ, ಆ ಹಣಕ್ಕಾಗಿ ಮರಿ ತರಬೇಡಿ. ಕಾವಲಿನ ಚಿಂತೆಗೆ ಗೇಟಿಗೊಂದು ಒಳ್ಳೆಯ ಬೀಗ, ದೀಪ ಸಾಕು.

ಬರುವ ರಜೆಗೆ ಜಮಖಂಡಿಗೆ ಹೋದಾಗ ಯಾರದಾದರೂ ಹೊಲದಲ್ಲಿ ಮಗನಿಗೆ ಮುಧೋಳ ನಾಯಿ ತೋರಿಸಿ. ಮಾಲೀಕರು ಪಕ್ಕದಲ್ಲೇ ಇರಲಿ. ಹತ್ತಿರ ಓಡಬಾರದು, ಕೈ ಚಾಚಬಾರದು ಅಂತ ಮಗನಿಗೆ ಹೇಳಿ. ಸ್ವಲ್ಪ ಪಕ್ಕಕ್ಕೆ ತಿರುಗಿ, ಅಪ್ಪನ ಜೊತೆ ನೆಲದ ಮೇಲೆ ಕೂರಲಿ. ಮನಸ್ಸಾದರೆ ಅದಾಗಿಯೇ ಬಂದು ಮೂಸುತ್ತದೆ.