ಗುಳಿಬಿದ್ದ ಎದೆಗೆ ಚರ್ಮದಡಿಯ ಐಸಿಡಿ: ಸ್ಕ್ರೀನಿಂಗ್ ಫೇಲ್ ಆದಾಗ

ಎದೆ ಗುಳಿಬಿದ್ದಿರುವ ನಿಮ್ಮ ತಮ್ಮನಿಗೆ ಚರ್ಮದಡಿಯ ಐಸಿಡಿ (ಅಪಾಯಕಾರಿ ಹೃದಯಬಡಿತವನ್ನು ಶಾಕ್ ಕೊಟ್ಟು ಸರಿಪಡಿಸುವ ಸಾಧನ) ಹಾಕುವ ಮೊದಲಿನ ಸ್ಕ್ರೀನಿಂಗ್ ಫೇಲ್ ಆಯಿತು, ಏನು ಮಾಡುವುದು ಎಂದು ಕೇಳಿದ್ದೀರಿ. ಸ್ಕ್ರೀನಿಂಗ್ ಅಂದರೆ ಎದೆಯ ಮೇಲೆ ಎಲೆಕ್ಟ್ರೋಡ್ ಇಟ್ಟು ಹೃದಯದ ಸಿಗ್ನಲ್ ಸರಿಯಾಗಿ ಸಿಗುತ್ತದೆಯೇ ಎಂದು ನೋಡುವ ಪರೀಕ್ಷೆ. ಅದು ಫೇಲ್ ಆಗಲು ಹೃದಯ ಎಡಕ್ಕೆ ಸರಿದಿರುವುದೇ ಕಾರಣ ಇರಬಹುದು. ಎದೆಮೂಳೆ ಗುಳಿಬಿದ್ದವರಲ್ಲಿ ಹೀಗಾಗುತ್ತದೆ. ಎಕ್ಸ್‌ರೇ ನೋಡದೆ ಖಚಿತವಾಗಿ ಹೇಳಲಾಗದು. ಮೊದಲು ಎದುರಿನಿಂದ, ಪಕ್ಕದಿಂದ ಎರಡೂ ಎಕ್ಸ್‌ರೇ ತೆಗೆಸಿ.

ಆಮೇಲೆ ಮಲಗಿಸಿ, ಕೂರಿಸಿ ಸ್ಕ್ರೀನಿಂಗ್ ಮತ್ತೆ ಮಾಡಿಸಿ. ಈ ಸಲ ಎಲೆಕ್ಟ್ರೋಡನ್ನು ಎದೆಮೂಳೆಯ ಬಲಕ್ಕೂ ಇಟ್ಟು ನೋಡಲು ಕೇಳಿ. ಇದನ್ನು ಬಿಡಬೇಡಿ. ಸಿಗ್ನಲ್ ಸರಿಯಿಲ್ಲದೆ ಹಾಕಿದರೆ ಸಾಧನ ಒಂದು ಬಡಿತವನ್ನು ಎರಡೆಂದು ಎಣಿಸಿ ಸುಮ್ನೆ ಶಾಕ್ ಕೊಡಬಹುದು. ಅದು ಜಾಸ್ತಿ ನೋವು.

ಪಾಸಾದರೆ, ಸಾಧನದ ಬಾಕ್ಸನ್ನು ಬೆನ್ನಿನ ಕಡೆಗೆ ಸಾಕಷ್ಟು ಹಿಂದೆ ಇಡುತ್ತಾರಾ, ಆಪರೇಷನ್ ಟೇಬಲ್ ಮೇಲೆಯೇ ಶಾಕ್ ಟೆಸ್ಟ್ ಮಾಡುತ್ತಾರಾ ಎಂದು ವಿಚಾರಿಸಿ. ಮತ್ತೆ ಫೇಲ್ ಆದರೆ, ಅಥವಾ ತಮ್ಮನಿಗೆ ಪೇಸಿಂಗ್ (ಬಡಿತ ನಿಧಾನವಾದಾಗ ಸಣ್ಣ ವಿದ್ಯುತ್ ಮಿಡಿತ ಕೊಟ್ಟು ಹೃದಯ ಬಡಿಯುವಂತೆ ಮಾಡುವುದು) ಬೇಕಿದ್ದರೆ, ರಕ್ತನಾಳದ ಮೂಲಕ ತಂತಿ ಹಾಕುವ ಐಸಿಡಿ ಬಗ್ಗೆ ಡಾಕ್ಟರ ಹತ್ತಿರ ಮಾತಾಡಿ.